ಎಥೆನಾಲ್ ನೀತಿಯೂ ಮಾಂಜರಾ ಸೀಮೆಯ ನೀರೂ

ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಕೇಂದ್ರ ಸರಕಾರದ ನೀತಿಯು ಈಗ ನಮ್ಮ ಔರಾದ, ಭಾಲ್ಕಿಗಳಂಥ ಊರುಗಳ ಪೆಟ್ರೋಲ್ ಬಂಕುಗಳನ್ನೂ ಮುಟ್ಟಿರುತ್ತದೆ. 2003ನೆಯ ಇಸವಿಯ ಜನವರಿಯಲ್ಲಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ ಐದು ಪಾಲಿನಿಂದ ಆರಂಭವಾದ ಈ ಕಾರ್ಯವು ಬಹುಕಾಲ ಕುಂಟುತ್ತ ನಡೆಯಿತು. 2018ರ ಜೈವಿಕ ಇಂಧನಗಳ ರಾಷ್ಟ್ರೀಯ ನೀತಿಯ ತರುವಾಯ ಅದು ವೇಗವನ್ನು ಪಡೆದು, 2022ರ ಜೂನ್ ತಿಂಗಳಲ್ಲಿ ನೂರಕ್ಕೆ ಹತ್ತನ್ನೂ 2025ರಲ್ಲಿ ನೂರಕ್ಕೆ ಇಪ್ಪತ್ತನ್ನೂ ತಲುಪಿತು. ಮೊದಲು 2030ಕ್ಕೆಂದು ಗೊತ್ತುಪಡಿಸಿದ್ದ ಗುರಿಯನ್ನು ಇಷ್ಟು ಮುಂಚಿತವಾಗಿ ಮುಟ್ಟಿದುದು ಸರಕಾರದವರಿಗೆ ಅಭಿಮಾನದ ವಿಷಯವಾಗಿರುವುದು ಸಹಜವೇ. ಆದರೆ ಗುರಿಯನ್ನು ಮುಟ್ಟಿದ ಮೇಲೆ ದಾರಿಯ ಖರ್ಚನ್ನು ಲೆಕ್ಕ ಹಾಕುವುದು ವಿವೇಕಿಗಳ ಕ್ರಮವು. ಆ ಲೆಕ್ಕವನ್ನು ನಮ್ಮ ಬೀದರ ಜಿಲ್ಲೆಯ ಮಟ್ಟಿಗಾದರೂ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ಮದ್ಯಸಾರದಿಂದ ಮೋಟಾರು ಓಡಿಸುವ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯದ ಸಕ್ಕರೆ ಕಾರಖಾನೆಯ ಕಾಕಂಬಿಯಿಂದ ಮದ್ಯಸಾರವನ್ನು ತೆಗೆದು ಪೆಟ್ರೋಲಿಗೆ ಕೂಡಿಸುವ ಏರ್ಪಾಡು ಮೈಸೂರು ಸಂಸ್ಥಾನದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೇ ಇದ್ದಿತು. ಸ್ವತಂತ್ರ ಭಾರತದ ಸರಕಾರವು 1948ರಲ್ಲಿ ಪವರ್ ಆಲ್ಕೋಹಾಲ್ ಕಾಯಿದೆಯನ್ನೇ ಮಾಡಿತು. ನಮ್ಮ ಬೀದರ ಸೀಮೆಯು ನಿಜಾಮರ ಆಳಿಕೆಯಿಂದ ಬಿಡುಗಡೆಯಾದದ್ದೂ ಅದೇ ವರ್ಷದ ಸೆಪ್ಟೆಂಬರದಲ್ಲಿ. ಆ ಕಾಯಿದೆಯು 2000ದಲ್ಲಿ ರದ್ದಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹಳೆಯ ಏರ್ಪಾಡಿನ ಆಧಾರವು ಕಾಕಂಬಿಯಾಗಿತ್ತು. ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಹೆಚ್ಚಿಗೆ ಬೆಲೆಯಿಲ್ಲದ ಮಡ್ಡಿಯ ಸದುಪಯೋಗ ಮಾಡುವುದೇ ಅದರ ಹುರುಳು. 2018ರ ನೀತಿಯಾದರೋ ಕಬ್ಬಿನ ಹಾಲನ್ನೇ ನೇರವಾಗಿ ಭಟ್ಟಿಗಿಳಿಸುವುದಕ್ಕೂ ಧಾನ್ಯಗಳನ್ನು ಬಳಸುವುದಕ್ಕೂ ಬಾಗಿಲು ತೆರೆಯಿತು. ಕಸದಿಂದ ಇಂಧನ ತೆಗೆಯುವುದು ಒಂದು ಮಾತು. ಹೊಲದ ಬೆಳೆಯನ್ನೇ ಇಂಧನವಾಗಿ ಮಾಡುವುದು ಬೇರೊಂದು ಮಾತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲು ಎಥೆನಾಲಿನ ಪಕ್ಷದಲ್ಲಿ ಹೇಳಬೇಕಾದುದನ್ನು ನ್ಯಾಯವಾಗಿ ಹೇಳೋಣ. ನಮ್ಮ ದೇಶವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕಿ ಪರದೇಶಗಳಿಂದ ತರಿಸುತ್ತದೆ. ಆ ಹಣದಲ್ಲಿ ಸ್ವಲ್ಪವಾದರೂ ನಮ್ಮ ರೈತನ ಕೈಸೇರುವುದು ಸ್ವದೇಶಾಭಿಮಾನಿಗಳೆಲ್ಲರಿಗೂ ಸಂತೋಷದ ಸಂಗತಿಯು. ಬೆಳೆಯುವ ಕಬ್ಬು ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಳ್ಳುವುದರಿಂದ, ಅದರ ಎಥೆನಾಲನ್ನು ಉರಿಸಿದಾಗ ಹೊರಬೀಳುವ ಇಂಗಾಲವು ಮತ್ತೆ ಮರುವರ್ಷದ ಬೆಳೆಗೆ ಸಲ್ಲುತ್ತದೆ. ನೀತಿ ಆಯೋಗದ ಅಧ್ಯಯನದ ಪ್ರಕಾರ, ಬೆಳೆಯುವುದರಿಂದ ಉರಿಸುವವರೆಗಿನ ಲೆಕ್ಕ ಹಿಡಿದರೆ, ಪೆಟ್ರೋಲಿಗಿಂತ ಕಬ್ಬಿನ ಎಥೆನಾಲಿನಿಂದ ನೂರಕ್ಕೆ 65ರಷ್ಟು, ಮೆಕ್ಕೆಜೋಳದ್ದರಿಂದ ನೂರಕ್ಕೆ 50ರಷ್ಟು ಭೂಮಿಯನ್ನು ಕಾಯಿಸುವ ಅನಿಲಗಳು ಕಡಿಮೆಯಾಗುವುವು. ಇಪ್ಪತ್ತು ಪಾಲಿನ ಮಿಶ್ರಣದಿಂದ ಬೈಕುಗಳ ಹೊಗೆಯಲ್ಲಿಯ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡು ಅರ್ಧದಷ್ಟು ತಗ್ಗುವುದೆಂದು ಅದೇ ಆಯೋಗದ 2021ರ ವರದಿಯು ತಿಳಿಸುತ್ತದೆ. ಇದಕ್ಕೆ ಪ್ರತಿಯಾಗಿ ಎಥೆನಾಲಿನಲ್ಲಿರುವ ಶಕ್ತಿಯು ಅಷ್ಟೇ ಅಳತೆಯ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದಕಾರಣ ಹಳೆಯ ಕಾರುಗಳ ಮೈಲೇಜು ನೂರಕ್ಕೆ ಆರೇಳರಷ್ಟು ಕುಗ್ಗಬಹುದೆಂದೂ ಆ ವರದಿಯೇ ಒಪ್ಪಿಕೊಂಡಿದೆ. ವಾಹನದವರ ಈ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 2025ರ ಸೆಪ್ಟೆಂಬರ 1ರಂದು ವಜಾ ಆಯಿತು.

ವಾಹನದ ತಕರಾರು ದೊಡ್ಡದಲ್ಲ. ದೊಡ್ಡದಾದ ತಕರಾರು ನೀರಿನದು.  ಅದೇ 2021ರ ವರದಿಯಲ್ಲಿ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದೂ, ದೇಶದ ನೀರಾವರಿಯ ನೀರಿನಲ್ಲಿ ನೂರಕ್ಕೆ 70 ಪಾಲನ್ನು ಕಬ್ಬು ಮತ್ತು ಭತ್ತಗಳೆರಡೇ ಕುಡಿಯುತ್ತವೆಂದೂ ಬರೆದಿದೆ. ಬೈಕಿಗೆ ಐದು ಲೀಟರ್ ಪೆಟ್ರೋಲು ಹಾಕಿಸಿಕೊಂಡರೆ ಅದರಲ್ಲಿ ಒಂದು ಲೀಟರ್ ಎಥೆನಾಲ್ ಇರುವುದಷ್ಟೆ. ಹಳ್ಳಿಯ ಮನೆಗಳಿಗೆ ತಲೆಗೆ ದಿನವೊಂದಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಜಲ ಜೀವನ ಮಿಶನ್ನಿನ ನಿಯಮವು. ಆ ಪ್ರಮಾಣದಲ್ಲಿ ನೋಡಿದರೆ, ಕಬ್ಬಿನ ಹಾಲಿನಿಂದಲೇ ತೆಗೆದ ಆ ಒಂದು ಲೀಟರಿಗೆ ಐದು ಜನರ ಕುಟುಂಬವೊಂದು ಹತ್ತು ದಿನ ಬಳಸುವ ನೀರು ವೆಚ್ಚವಾದಂತಾಯಿತು.

ಇನ್ನು ನಮ್ಮ ಜಿಲ್ಲೆಯನ್ನು ನೋಡೋಣ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಹತ್ತಿರ ಮಾಂಜರಾದ ಉಪನದಿಗೆ ಕಟ್ಟಿರುವ ಕಾರಂಜಾ ಜಲಾಶಯವು ನಮಗಿರುವ ದೊಡ್ಡ ನಿಧಿ. ಬೀದರ ನಗರದ ನಲ್ಲಿಗಳು ನಂಬಿರುವುದೂ ಅದನ್ನೇ. ಅದರ ಪೂರ್ಣ ಸಾಮರ್ಥ್ಯವು ಸುಮಾರು 7.69 ಟಿ.ಎಂ.ಸಿ. ಆ ನೀರನ್ನೆಲ್ಲ, ಕುಡಿಯುವುದಕ್ಕೆ ಒಂದು ಹನಿಯನ್ನೂ ಇಡದೆ, ಕಬ್ಬಿಗೇ ಸುರಿದು ಆ ಕಬ್ಬನ್ನೆಲ್ಲ ಎಥೆನಾಲ್ ಮಾಡಿದರೂ ಎಂಟು ಕೋಟಿ ಲೀಟರಿಗಿಂತ ಕಡಿಮೆಯೇ ಬಂದೀತು. ಇಪ್ಪತ್ತು ಪಾಲಿನ ಮಿಶ್ರಣಕ್ಕೆ 2025-26ರಲ್ಲಿ ದೇಶಕ್ಕೆ ಬೇಕೆಂದು ಅಂದಾಜು ಮಾಡಿದ್ದು 1,016 ಕೋಟಿ ಲೀಟರ್. ಜಿಲ್ಲೆಯ ಜೀವಜಲವನ್ನೆಲ್ಲ ಧಾರೆಯೆರೆದರೂ ದೇಶದ ಗುರಿಯ ನೂರರಲ್ಲಿ ಒಂದು ಪಾಲೂ ತುಂಬದು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯು ಇಂಥಲ್ಲಿಯೇ ನೆನಪಿಗೆ ಬರುವುದು.

ಇದು ಕೇವಲ ಕಲ್ಪನೆಯೆನ್ನುವವರು 2016ನೆಯ ಇಸವಿಯನ್ನು ನೆನೆಯಲಿ. ಔರಾದ, ಭಾಲ್ಕಿಗಳ ನೆರೆಯ ಲಾತೂರಿಗೆ ನೀರೊದಗಿಸುವ ಅಣೆಕಟ್ಟು ಇದೇ ಮಾಂಜರಾ ನದಿಯದು. ಕಬ್ಬಿಗೂ ಸಕ್ಕರೆ ಕಾರಖಾನೆಗಳಿಗೂ ಹೆಸರಾದ ಸೀಮೆ ಅದು. ಮಳೆಯು ಕೈಕೊಟ್ಟು ಆ ಅಣೆಕಟ್ಟು ಬತ್ತಿಹೋಗಲು, ಏಪ್ರಿಲ್ 12ರಂದು ಮಿರಜದಿಂದ ರೈಲು ಬಂಡಿಯು ಸುಮಾರು ಐದು ಲಕ್ಷ ಲೀಟರ್ ಕುಡಿಯುವ ನೀರನ್ನು ಹೊತ್ತು ಲಾತೂರ ನಿಲ್ದಾಣಕ್ಕೆ ಬಂದಿತು. ಒಂದೇ ನದಿಯ ನೀರುಂಡ ನಾವು ಆ ಪಾಠವನ್ನು ಪರರದೆಂದು ಎಣಿಸಲಾಗದು.

ಹಾಗೆಂದು ಕಬ್ಬು ಬೆಳೆಯುವ ರೈತನನ್ನು ದೂರುವುದು ನ್ಯಾಯವಲ್ಲ. ತೊಗರಿ, ಉದ್ದು, ಹೆಸರು, ಸೋಯಾಗಳು ಔರಾದ ತಾಲೂಕಿನ ಎರೆಭೂಮಿಗೆ ಒಗ್ಗಿದ ಬೆಳೆಗಳಾಗಿದ್ದರೂ, ಅವುಗಳ ಪೇಟೆಯ ದರವು ಈ ವರ್ಷ ಏರಿದರೆ ಬರುವ ವರ್ಷ ಇಳಿಯುತ್ತದೆ. ಕಬ್ಬಿಗಾದರೋ ಕಾಯಿದೆಯ ಬಲವುಳ್ಳ ದರವಿದೆ. 2025-26ರ ಹಂಗಾಮಿಗೆ ಅದು ಕ್ವಿಂಟಲಿಗೆ 355 ರೂಪಾಯಿ. ಅದೂ ಸಾಲದೆಂದು 2025ರ ನವೆಂಬರದಲ್ಲಿ ರಾಜ್ಯದ ಕಬ್ಬು ಬೆಳೆಗಾರರು ಬೀದಿಗಿಳಿಯಬೇಕಾಯಿತು. ನಮ್ಮ ಕಾರಖಾನೆಗಳಿಗೆ ಎಥೆನಾಲ್ ಖರೀದಿಯ ಪಾಲು ಸಾಕಷ್ಟು ದೊರೆಯುತ್ತಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಗ ಪ್ರಧಾನಿಗಳಿಗೆ ಬರೆದರು. ನಿಶ್ಚಿತವಾದ ಗಿರಾಕಿಯಿರುವ ಬೆಳೆಯತ್ತ ರೈತನು ವಾಲುವುದು ಅವನ ತಪ್ಪಲ್ಲ. ಗಿರಾಕಿಯನ್ನು ನಿಶ್ಚಯಿಸುವ ಸರಕಾರದ ಹೊಣೆಯೇ ಅದು.

ಸರಕಾರವೂ ನೀರಿನ ಮಿತಿಯನ್ನು ಅರಿಯದೆ ಇಲ್ಲ. 2023ರಲ್ಲಿ ಮಳೆಯು ಕಡಿಮೆಯಾಗಿ ಸಕ್ಕರೆಯ ಚಿಂತೆ ಹತ್ತಿದ ಕೂಡಲೇ, ಡಿಸೆಂಬರ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದನ್ನು ತಡೆದು, ಒಂದೇ ವಾರದಲ್ಲಿ ಆ ತಡೆಯನ್ನು ಸಡಿಲಿಸಿ, 2024ರ ಆಗಸ್ಟಿನಲ್ಲಿ ಮುಂದಿನ ವರ್ಷಕ್ಕೆ ಪೂರ್ತಿಯಾಗಿ ತೆಗೆದುಹಾಕಿತು. ಮೋಡವನ್ನು ನೋಡಿ ಹೀಗೆ ಹಿಂದುಮುಂದಾಗುವ ನೀತಿಯಿಂದ ಕಾರಖಾನೆಗೂ ನೆಮ್ಮದಿಯಿಲ್ಲ, ರೈತನಿಗೂ ನೆಮ್ಮದಿಯಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ನಮ್ಮಂಥ ಮಳೆಯಾಸರೆಯ ಜಿಲ್ಲೆಗಳಲ್ಲಿ ಕಾಕಂಬಿಯ ಎಥೆನಾಲಿಗೆ ಅಗ್ರಸ್ಥಾನವನ್ನು ಕೊಡಬೇಕು. 2024-25ರಲ್ಲಿ ಕೊನೆಯ ಕಾಕಂಬಿಯ ಎಥೆನಾಲಿಗೆ ಲೀಟರಿಗೆ 57.97 ರೂಪಾಯಿಯನ್ನೂ ಕಬ್ಬಿನ ಹಾಲಿನದಕ್ಕೆ 65.61 ರೂಪಾಯಿಯನ್ನೂ ನಿಗದಿ ಮಾಡಿದ್ದುದು ಈ ದೃಷ್ಟಿಯಿಂದ ತಲೆಕೆಳಗಾದ ಕ್ರಮವು. ಎರಡನೆಯದಾಗಿ, ಹೊಸ ಡಿಸ್ಟಿಲರಿಗೆ ಪರವಾನಗಿ ಕೊಡುವ ಮುನ್ನ ಅದರ ಕಬ್ಬಿನ ಸೀಮೆಯಲ್ಲಿ ಅಂತರ್ಜಲವೆಷ್ಟು, ಹನಿ ನೀರಾವರಿಯೆಷ್ಟು ಎಂಬುದನ್ನು ಅಳೆದು ಬಹಿರಂಗಪಡಿಸಬೇಕು. ಒಂದು ಲೀಟರ್ ಎಥೆನಾಲಿಗೆ ಹತ್ತು ಲೀಟರಿನಷ್ಟು ಗಬ್ಬುನಾತದ ಕಪ್ಪು ಕೊಳೆನೀರು ಹೊರಡುವುದುಂಟು. ಅದರ ಒಂದು ಹನಿಯೂ ಹಳ್ಳ ಸೇರಬಾರದೆಂಬ ನಿಯಮವು ಕಾಗದದ ಮೇಲೆ ಮಾತ್ರ ಉಳಿಯಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಬೀದರದಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿಯೇ ಇರುವ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯು ಸಿಹಿಜೋಳದ ದಂಟಿನ ರಸದಿಂದ ಎಥೆನಾಲ್ ತೆಗೆಯುವ ವಿಷಯದಲ್ಲಿ ಬಹು ವರ್ಷ ದುಡಿದಿದೆ. ಆ ಜೋಳದ ತೆನೆಯು ರೊಟ್ಟಿಗೆ, ರಸವು ಇಂಧನಕ್ಕೆ, ಹಿಂಡಿದ ಸಿಪ್ಪೆಯು ದನಕ್ಕೆ ಸಲ್ಲುವುದು. ನಾಲ್ಕು ತಿಂಗಳಲ್ಲಿ ಬೆಳೆಯುವ ಅದಕ್ಕೆ ಕಬ್ಬಿಗಿಂತ ಬಹಳ ಕಡಿಮೆ ನೀರು ಸಾಕು. ನೆರೆಯ ಮೇದಕ ಸೀಮೆಯಲ್ಲಿ 2007ರ ಸುಮಾರಿಗೆ ನಡೆದ ಇಂಥ ಉದ್ಯಮವು ಬಹುಕಾಲ ನಿಲ್ಲಲಿಲ್ಲವೆಂಬುದು ನಿಜ. ಆದರೆ ಇಪ್ಪತ್ತು ಪಾಲಿನ ಮಿಶ್ರಣದಂಥ ದೊಡ್ಡ ಗಿರಾಕಿ ಆಗ ಇರಲಿಲ್ಲ, ಈಗ ಇದೆ. ಪಾಣಿಪತದಲ್ಲಿ 2022ರ ಆಗಸ್ಟಿನಲ್ಲಿ ಭತ್ತದ ಹುಲ್ಲಿನಿಂದ ಎಥೆನಾಲ್ ತೆಗೆಯುವ ಕಾರಖಾನೆಯನ್ನು ಉದ್ಘಾಟಿಸಿದ ಸರಕಾರಕ್ಕೆ ನಮ್ಮ ಜೋಳದ ದಂಟಿಗೂ ತೊಗರಿಯ ಕಟ್ಟಿಗೆಗೂ ದಾರಿ ಹುಡುಕುವುದು ಅಸಾಧ್ಯವೆನ್ನಲಾಗದು. ಕಬ್ಬಿಗೆ ಕೊಟ್ಟಂಥ ನಿಶ್ಚಿತ ದರವನ್ನು ಇವುಗಳಿಗೂ ಕೊಟ್ಟು ನೋಡಲಿ.

ಬಹಮನಿಯರ ಕಾಲದಲ್ಲಿ ನೌಬಾದಿನ ನೆಲದೊಳಗೆ ಕರೇಜ್ ಕೊರೆದವರು, ಈ ಕೆಂಗಲ್ಲಿನ ಪ್ರಸ್ಥಭೂಮಿಯಲ್ಲಿ ನೀರಿನ ಬೆಲೆ ಏನೆಂಬುದನ್ನು ಬಲ್ಲವರಾಗಿದ್ದರು. ಎಥೆನಾಲ್ ಬೇಡವೆಂಬುದು ನಮ್ಮ ಮತವಲ್ಲ. ಗಾಳಿಯನ್ನು ಶುದ್ಧಮಾಡುವ ಇಂಧನವು ಬಾವಿಯನ್ನು ಬರಿದು ಮಾಡಬಾರದೆಂಬುದಿಷ್ಟೇ ನಮ್ಮ ಮತ. ಜಿಲ್ಲೆಯ ಅಧಿಕಾರಿಗಳೂ ಶಾಸನಸಭೆ, ಲೋಕಸಭೆಗಳಲ್ಲಿಯ ನಮ್ಮ ಪ್ರತಿನಿಧಿಗಳೂ ನೀರಿನ ಈ ಲೆಕ್ಕವನ್ನು ದಿಲ್ಲಿಯವರೆಗೆ ಮುಟ್ಟಿಸಬೇಕೆಂದು ಆಗ್ರಹಪಡಿಸುತ್ತೇವೆ.