ಮೊದಲ ಮಳೆಗೆ ಘಾಟಿ ಇಳಿಯುವಾಗ

ಆಗುಂಬೆ ಘಾಟಿಯಲ್ಲಿ ಟ್ಯಾಕ್ಸಿ ಓಡಿಸುವ ನನಗೆ ಆಷಾಢದ ಜಡಿಮಳೆಗಿಂತ ಮುಂಗಾರಿನ ಮೊದಲ ಹನಿಗಳದ್ದೇ ಹೆದರಿಕೆ. ಬೇಸಿಗೆಯಿಡೀ ರಸ್ತೆಗೆ ಮೆತ್ತಿದ ಆಯಿಲ್, ಧೂಳು, ಟೈರಿನ ರಬ್ಬರು ತುಂತುರಿಗೆ ಕಲೆಸಿ ಲೋಳೆಯಂತಾಗುತ್ತದೆ. ಜೋರು ಮಳೆ ಬಂದು ಅದನ್ನು ತೊಳೆಯುವ ತನಕ ಟೈರಿಗೆ ಸರಿಯಾದ ಹಿಡಿತ ಸಿಗುವುದಿಲ್ಲ.

ಸೋಮೇಶ್ವರದ ಕಡೆ ಇಳಿಯಲು 14 ಹೇರ್‌ಪಿನ್ ತಿರುವುಗಳು. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ಗೇರ್ ಇಳಿಸಿ, ಆಮೇಲೆ ಸ್ಟೇರಿಂಗ್ ತಿರುಗಿಸಬೇಕು. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ಕೂತವರ ಜೀವವೂ ಅವರ ಕೈಯಲ್ಲೇ ಇದೆಯಲ್ಲ!

ಗಾಡಿ ಜಾರಿತೇ? ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ. ಹಿಂಬದಿ ಎಡಕ್ಕೆ ಜಾರಿದರೆ ಸ್ಟೇರಿಂಗನ್ನೂ ಎಡಕ್ಕೇ ತಿರುಗಿಸಿ, ಗಾಡಿ ನೇರವಾಗುತ್ತಿದ್ದಂತೆ ಮರಳಿಸಿ. ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ, ಕಂದಕದ ಮೇಲಲ್ಲ. ಮುಂದಿನ ಚಕ್ರಗಳೇ ಜಾರಿದರೆ ಸ್ಟೇರಿಂಗ್ ಇನ್ನಷ್ಟು ತಿರುಗಿಸಿ ಪ್ರಯೋಜನವಿಲ್ಲ. ಕೊಂಚ ಸಡಿಲಿಸಿದರೆ ಹಿಡಿತ ಮರಳುತ್ತದೆ. ತುರ್ತಾಗಿ ನಿಲ್ಲಿಸಲೇಬೇಕಾಗಿ ಬಂದರೆ, ಎಬಿಎಸ್ ಇದ್ದ ಗಾಡಿಯಲ್ಲಿ ಪೆಡಲ್ ಒತ್ತಿಹಿಡಿಯಿರಿ. ಕಾಲಿನಡಿ ಟರ್ರೆಂದು ಅದುರುತ್ತದೆ, ಬಿಡಬೇಡಿ.

ಟೈರಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನೇ ಒಪ್ಪುವುದಿಲ್ಲ. ನಾನಂತೂ 3 ಮಿ.ಮೀ.ಗೆ ಇಳಿದಾಗಲೇ ಬದಲಾಯಿಸುತ್ತೇನೆ, ಅದೂ ಮೇ ತಿಂಗಳಲ್ಲೇ.