ಊರಿಗಾಂನಲ್ಲಿ ಎಂ.ಬಿ.ಎ.: ಮಕ್ಕಳ ಓದು, ಮನೆಯವರ ಲೆಕ್ಕ

ಮನೆಯಲ್ಲಿ ಮಗನೋ ಮಗಳೋ ಬಿ.ಕಾಂ. ಅಥವಾ ಬಿ.ಬಿ.ಎ. ಪದವಿಯನ್ನು ಮುಗಿಸುವ ಹೊತ್ತಿಗೆ ‘ಮುಂದೇನು?’ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಈಗೀಗ ಅದಕ್ಕೆ ಸಿದ್ಧವಾಗಿಯೇ ದೊರೆಯುವ ಉತ್ತರ ‘ಎಂ.ಬಿ.ಎ.’ ಎಂಬುದು. ಹಿಂದೆ ನಮ್ಮ ಕುಟುಂಬಗಳಲ್ಲಿ ವ್ಯಾಪಾರವೆಂಬುದು ಗಲ್ಲಾಪೆಟ್ಟಿಗೆಯ ಬದಿಯಲ್ಲಿ ಕುಳಿತು ತಂದೆಯಿಂದ ಮಗನು ಕಲಿಯುತ್ತಿದ್ದ ವಿದ್ಯೆಯಾಗಿತ್ತು. ಅದೇ ವಿದ್ಯೆ ಇಂದು ಎರಡು ವರ್ಷಗಳ ಸ್ನಾತಕೋತ್ತರ ವ್ಯಾಸಂಗದ ರೂಪವನ್ನು ತಾಳಿ, ಪ್ರವೇಶ ಪರೀಕ್ಷೆ, ಶುಲ್ಕ, ಬ್ಯಾಂಕಿನ ಸಾಲ, ಸಂದರ್ಶನಗಳ ಪರಿವಾರದೊಡನೆ ಮನೆಬಾಗಿಲಿಗೆ ಬಂದು ನಿಂತಿದೆ. ಅದನ್ನು ಒಳಕ್ಕೆ ಕರೆಯುವ ಮುನ್ನ ಅದರ ಪೂರ್ವಾಪರಗಳನ್ನು ವಿಚಾರಿಸಿಕೊಳ್ಳುವುದು ಗೃಹಸ್ಥರಾದವರ ಕರ್ತವ್ಯ. ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂ ಈ ವಿಚಾರಕ್ಕೆ ಒಳ್ಳೆಯ ನಿದರ್ಶನವಾಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬಂಗಾರಪೇಟೆಯ ಜಂಕ್ಷನ್ನಿನಿಂದ ಮಾರಿಕುಪ್ಪದ ಕಡೆಗೆ ಕವಲೊಡೆಯುವ ರೈಲುದಾರಿಯಲ್ಲಿ ಊರಿಗಾಂ ಒಂದು ಪುಟ್ಟ ನಿಲ್ದಾಣ. ಜಾನ್ ಟೇಲರ್ ಕಂಪನಿಯವರು 1880ರಿಂದೀಚೆಗೆ ಇಲ್ಲಿ ಗಣಿಗಾರಿಕೆಯನ್ನು ವ್ಯವಸ್ಥಿತವಾಗಿ ಬೆಳೆಸಿದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿಗಳ ದೂರ ತಂತಿಗಳನ್ನೆಳೆದು ಈ ಗಣಿಗಳಿಗೆ ವಿದ್ಯುತ್ತನ್ನು ತಂದದ್ದು ಪ್ರಸಿದ್ಧ ಸಂಗತಿ. 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿಯ ಬಾಗಿಲು ಮುಚ್ಚಿತು. ಇಂದು ಆ ಊರಿನಲ್ಲಿ ನಿಂತು ನೋಡಿದರೆ ತುಕ್ಕುಹಿಡಿದ ಶಾಫ್ಟುಗಳೂ ಬಿಳಿಚಿಕೊಂಡ ಸೈನೈಡ್ ದಿಬ್ಬಗಳೂ ಕಣ್ಣಿಗೆ ಬೀಳುತ್ತವೆ. ಅಜ್ಜನು ಗಣಿಯಲ್ಲಿಳಿದು ದುಡಿದ ಮನೆಯಲ್ಲಿ ತಂದೆಗೂ ಅದೇ ಕೆಲಸ ದೊರೆಯುತ್ತಿದ್ದ ಕಾಲ ಮುಗಿದ ಮೇಲೆ, ಅಲ್ಲಿನ ಮಕ್ಕಳಿಗೆ ಉಳಿದ ದಾರಿಗಳು ಎರಡೇ. ಒಂದು ಬೆಂಗಳೂರಿನ ರೈಲು, ಮತ್ತೊಂದು ಓದು.

ಓದಿಗೆ ಅಲ್ಲಿ ಆಸರೆ ಇಲ್ಲದಿಲ್ಲ. 1957ರಿಂದ ಗಣಿಗಾರಿಕೆಯ ಡಿಪ್ಲೊಮಾ ಶಾಲೆಯೊಂದು ಊರಿಗಾಂನಲ್ಲಿದೆ. ಗೋಲ್ಡನ್ ವ್ಯಾಲಿ ಎಂಬ ಹೆಸರಿನಿಂದ ಆರಂಭವಾಗಿ ಈಗ ಡಾ. ಟಿ. ತಿಮ್ಮಯ್ಯನವರ ಹೆಸರನ್ನು ಹೊತ್ತಿರುವ ತಾಂತ್ರಿಕ ಮಹಾವಿದ್ಯಾಲಯವೂ ಇಲ್ಲಿಯೇ ಇದೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯನ್ನುಳ್ಳ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಾಲೇಜಿನಲ್ಲಿ ಇಂಜಿನಿಯರಿಂಗ್ ಶಾಖೆಗಳ ಜೊತೆಗೆ ಎಂ.ಬಿ.ಎ. ವಿಭಾಗವೂ ನಡೆದುಬಂದಿದೆ. ಎರಡು ವರ್ಷ, ನಾಲ್ಕು ಸೆಮಿಸ್ಟರು. ಮೊದಲ ವರ್ಷದಲ್ಲಿ ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ, ಜನರ ನಡವಳಿಕೆ ಮೊದಲಾದುವನ್ನು ಎಲ್ಲರೂ ಓದತಕ್ಕದ್ದು. ಎರಡನೆಯ ವರ್ಷದಲ್ಲಿ ಹಣಕಾಸು, ಮಾರಾಟ, ಮಾನವ ಸಂಪನ್ಮೂಲ ಇವುಗಳಲ್ಲಿ ತನಗೆ ಬೇಕಾದುದನ್ನು ವಿದ್ಯಾರ್ಥಿಯು ಆರಿಸಿಕೊಳ್ಳುತ್ತಾನೆ. ಯಾವುದಾದರೂ ಸಂಸ್ಥೆಯಲ್ಲಿ ಕೆಲವು ವಾರಗಳು ಇದ್ದು ವರದಿಯನ್ನು ಬರೆದೊಪ್ಪಿಸುವುದೂ ವ್ಯಾಸಂಗದ ಭಾಗವೇ.

ಈ ವಿದ್ಯೆಯ ಬೋಧನಾಕ್ರಮದಲ್ಲಿ ‘ಕೇಸ್ ಸ್ಟಡಿ’ ಎಂಬುದು ಮುಖ್ಯವಾದುದು. ಅಮೆರಿಕದಲ್ಲಿ 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲು ಅದನ್ನು ರೂಢಿಗೆ ತಂದಿತು. ನಿಜವಾಗಿ ನಡೆದ ಒಂದು ಉದ್ಯಮದ ಸಂಕಟವನ್ನು ವಿದ್ಯಾರ್ಥಿಗಳ ಮುಂದಿಟ್ಟು ‘ನೀನು ಆ ಅಧಿಕಾರಿಯಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳುವುದೇ ಅದರ ತಿರುಳು. ನಮ್ಮ ಮಠದ ಪಾಠಶಾಲೆಗಳಲ್ಲಿ ಪೂರ್ವಪಕ್ಷವನ್ನು ಎತ್ತಿಕೊಟ್ಟು ವಾದಕ್ಕೆ ಹಚ್ಚುತ್ತಿದ್ದ ಗುರುಗಳಿಗೆ ಇದು ಹೊಸದೆನಿಸದು. ನನ್ನನ್ನು ಕೇಳಿದರೆ, ಊರಿಗಾಂನ ವಿದ್ಯಾರ್ಥಿಗಳಿಗೆ ವಿದೇಶದ ಮೋಟಾರು ಕಾರ್ಖಾನೆಯ ಕಥೆ ಬೇಕಾಗಿಯೇ ಇಲ್ಲ. ಸುಮಾರು 800 ಟನ್ನುಗಳಷ್ಟು ಚಿನ್ನವನ್ನು ಕೊಟ್ಟ ಗಣಿ ಅವರ ಕಾಲಡಿಯಲ್ಲಿಯೇ ಇದೆ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರುಗಳಿಗಿಂತ ಆಳಕ್ಕೆ ಇಳಿದಂತೆಲ್ಲ ಅದಿರಿನ ಸತ್ವ ಇಳಿಯಿತು, ತಂಪುಗಾಳಿಗೂ ನೀರೆತ್ತುವುದಕ್ಕೂ ತಗಲುವ ವೆಚ್ಚ ಏರಿತು. ತೆಗೆದ ಚಿನ್ನಕ್ಕಿಂತ ತೆಗೆಯುವ ಖರ್ಚೇ ಹೆಚ್ಚಾಯಿತು. ಮುಚ್ಚುವುದೇ, ಬೇರೆ ಉತ್ಪಾದನೆಗೆ ತಿರುಗುವುದೇ, ಕಾರ್ಮಿಕರ ಗತಿಯೇನು, ಅವರ ಮನೆಗಳ ಗತಿಯೇನು? ಯಾವ ಪಠ್ಯಪುಸ್ತಕವೂ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಕೇಳಲಾರದು. ಅದಕ್ಕೆ ಸಾಕ್ಷಿ ಹೇಳಬಲ್ಲ ಹಿರಿಯರು ಇನ್ನೂ ಆ ಬೀದಿಗಳಲ್ಲಿ ಇದ್ದಾರೆ.

ಬೆಂಗಳೂರಿನ ಐ.ಐ.ಎಂ. 1973ರಲ್ಲಿ ಆರಂಭವಾದಾಗ ಅದರ ಮುಂದಿದ್ದ ಉದ್ದೇಶಗಳಲ್ಲಿ ಇಂತಹ ಸಾರ್ವಜನಿಕ ಉದ್ಯಮಗಳಿಗೆ ಸಮರ್ಥ ಆಡಳಿತಗಾರರನ್ನು ಸಿದ್ಧಪಡಿಸುವುದು ಪ್ರಮುಖವಾಗಿತ್ತು. ಟಿ.ಎ. ಪೈಯವರು ಅದರ ಮೊದಲ ಅಧ್ಯಕ್ಷರು, ಎನ್.ಎಸ್. ರಾಮಸ್ವಾಮಿಯವರು ಮೊದಲ ನಿರ್ದೇಶಕರು. ಕಾಲಕ್ರಮದಲ್ಲಿ ಅಲ್ಲಿನ ಪದವೀಧರರ ದೃಷ್ಟಿ ಖಾಸಗಿ ಕಂಪನಿಗಳ ಕಡೆಗೆ ಹರಿಯಿತು. ಅಲ್ಲಿಗೆ ಸೇರಬೇಕಾದರೆ ‘ಕ್ಯಾಟ್’ ಎಂಬ ಅಖಿಲ ಭಾರತ ಪರೀಕ್ಷೆಯಲ್ಲಿ ಲಕ್ಷಾಂತರ ಜನರೊಡನೆ ಸ್ಪರ್ಧಿಸಬೇಕು. ಶುಲ್ಕವೂ ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರಿದೆ. ಆ ಶಿಖರವನ್ನೇರುವವರು ಏರಲಿ, ಸಂತೋಷ. ನಮ್ಮ ಹೆಚ್ಚಿನ ಮನೆಗಳ ಮಕ್ಕಳ ದಾರಿ ಮಾತ್ರ ಬೇರೆ.

ಆ ದಾರಿಯೆಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಪಿ.ಜಿ.ಸಿ.ಇ.ಟಿ. ನೂರು ಪ್ರಶ್ನೆಗಳು, ನೂರು ಅಂಕಗಳು, ಎರಡು ಗಂಟೆಗಳ ಅವಧಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು. ಪದವಿಯಲ್ಲಿ ಒಟ್ಟು ಶೇಕಡಾ 50 ಅಂಕಗಳಿರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಪ್ರವರ್ಗ-1ಕ್ಕೆ ಶೇಕಡಾ 45 ಸಾಕು. 3ಬಿ ಪ್ರವರ್ಗದವರಿಗೆ ಈ ರಿಯಾಯಿತಿ ಇಲ್ಲವೆಂಬುದನ್ನು ನಮ್ಮವರು ಗಮನಿಸಬೇಕು. ಒಳಪಂಗಡಗಳ ಪ್ರವರ್ಗ ಎಲ್ಲರಿಗೂ ಒಂದೇ ಅಲ್ಲ. ಆದುದರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ತಹಶೀಲ್ದಾರರ ಕಚೇರಿಯಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಕ್ಷೇಮ. ದಾಖಲೆಗಳ ಪರಿಶೀಲನೆ ಹತ್ತಿರವಾದಾಗ ನಾಡಕಚೇರಿಯ ಮುಂದೆ ನಿಂತು ಕಣ್ಣೀರಿಡುವ ತಾಯಂದಿರನ್ನು ನಾನು ನೋಡಿದ್ದೇನೆ.

ಇದೇ ಸಂದರ್ಭದಲ್ಲಿ ಎಂ.ಬಿ.ಎ.ಗೂ ಪಿ.ಜಿ.ಡಿ.ಎಂ.ಗೂ ಇರುವ ಭೇದವನ್ನು ತಿಳಿಯಬೇಕು. ಎಂ.ಬಿ.ಎ. ವಿಶ್ವವಿದ್ಯಾಲಯದ ಪದವಿ. ಪಿ.ಜಿ.ಡಿ.ಎಂ. ಎಂಬುದು ವಿಶ್ವವಿದ್ಯಾಲಯಕ್ಕೆ ಸೇರದ ಸ್ವತಂತ್ರ ಸಂಸ್ಥೆಗಳು ಕೊಡುವ ಡಿಪ್ಲೊಮಾ. ಡಿಪ್ಲೊಮಾ ಎಂದೊಡನೆ ಕೀಳೆಂದು ಭಾವಿಸಬೇಕಾಗಿಲ್ಲ. 2017ರ ಕಾಯಿದೆ ಬರುವವರೆಗೆ ಐ.ಐ.ಎಂ.ಗಳೂ ಡಿಪ್ಲೊಮಾವನ್ನೇ ಕೊಡುತ್ತಿದ್ದವು. ಆದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲು ನೋಡಬೇಕು, ಕಟ್ಟಿದ ಮೇಲಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ದಿನಸಿ ಅಂಗಡಿಯನ್ನಿಟ್ಟಿರುವ ಪರಿಚಿತರೊಬ್ಬರ ಮನೆಯಲ್ಲಿ ಈ ಪ್ರಸಂಗವೇ ನಡೆಯಿತು. ಮಗಳು ಬಿ.ಕಾಂ. ಮುಗಿಸಿದ್ದಳು. ಮಧ್ಯವರ್ತಿಯೊಬ್ಬನು ಬಣ್ಣದ ಕೈಪಿಡಿಯನ್ನು ತಂದು, ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳಿಗೆ ಎಂಟು ಲಕ್ಷಕ್ಕೆ ಸೀಟು ಕೊಡಿಸುವುದಾಗಿಯೂ ನೌಕರಿ ಖಚಿತವೆಂದೂ ಹೇಳಿಹೋಗಿದ್ದನು. ತಂದೆ ಅಂಗಡಿಯ ಕಟ್ಟಡದ ಪತ್ರಗಳನ್ನು ಕಬ್ಬಿಣದ ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದರು. “ಶಾಸ್ತ್ರಿಗಳೇ, ಒಬ್ಬಳೇ ಮಗಳು. ನಾನು ಹಿಂಜರಿದರೆ ನಾಳೆ ಅವಳು ಏನೆಂದುಕೊಳ್ಳುತ್ತಾಳೆ?” ಎಂದರು. ಮಗಳು ಬಾಗಿಲ ಮರೆಯಿಂದ, “ತಾತ, ಅಪ್ಪನಿಗೆ ಬಡ್ಡಿ ಎಷ್ಟಾಗುತ್ತದೆಂದು ಕೇಳಿ” ಎಂದಳು. ಲೆಕ್ಕ ಕಲಿತ ಹುಡುಗಿ! ಆ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಅವಳೇ ಕೇಳಿದ್ದಳು.

ಕಾಗದವನ್ನು ತಂದು ಲೆಕ್ಕ ಹಾಕಿದೆವು. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ಶಿಕ್ಷಣ ಸಾಲವು ನಾಲ್ಕು ಲಕ್ಷದವರೆಗೆ ಅಡಮಾನವಿಲ್ಲದೆ ದೊರೆಯುತ್ತದೆ; ಏಳೂವರೆ ಲಕ್ಷವನ್ನು ಮೀರಿದರೆ ಸ್ವತ್ತಿನ ಆಧಾರವನ್ನು ಕೇಳುತ್ತಾರೆ. ಓದುವ ಅವಧಿಯಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಇದನ್ನು ಮಧ್ಯವರ್ತಿಗಳು ಹೇಳುವುದಿಲ್ಲ. ಶೇಕಡಾ 10ರ ಬಡ್ಡಿಯೆಂದು ಇಟ್ಟುಕೊಳ್ಳೋಣ. ಮೊದಲ ವರ್ಷದ ಆರಂಭದಲ್ಲಿ ನಾಲ್ಕು ಲಕ್ಷ, ಎರಡನೆಯ ವರ್ಷದ ಆರಂಭದಲ್ಲಿ ನಾಲ್ಕು ಲಕ್ಷ ಪಡೆದರೆ, ಮೂರು ವರ್ಷ ಮುಗಿಯುವಾಗ ಸರಳ ಬಡ್ಡಿಯೇ ಎರಡು ಲಕ್ಷ. ಹೀಗೆ ಹತ್ತು ಲಕ್ಷವಾದ ಸಾಲವನ್ನು ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 16,600 ರೂಪಾಯಿ ಕಟ್ಟಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಬೆಂಗಳೂರಿನ ಬಾಡಿಗೆಯನ್ನೂ ಊಟವನ್ನೂ ಕಳೆದು ಇಷ್ಟನ್ನು ಉಳಿಸಬಲ್ಲರೇ ಎಂಬುದೇ ಪ್ರಶ್ನೆ. ‘ನೌಕರಿ ಖಚಿತ’ ಎಂಬ ಮಾತನ್ನು ಬರವಣಿಗೆಯಲ್ಲಿ ಕೊಡುವಿರಾ ಎಂದು ಕೇಳಿಸಿದಾಗ ಆ ಮನುಷ್ಯನು ಮತ್ತೆ ಅತ್ತ ಸುಳಿಯಲಿಲ್ಲ. ಪತ್ರಗಳು ಬೀರುವಿಗೆ ಮರಳಿದವು. ಹುಡುಗಿ ಪಿ.ಜಿ.ಸಿ.ಇ.ಟಿ.ಗೆ ಅರ್ಜಿ ಹಾಕಿದಳು.

ವಿದ್ಯಾರ್ಥಿಗಳ ದಿನಚರಿಯ ವಿಷಯ. ಬೆಂಗಳೂರಿನ ಕಾಲೇಜಿಗೆ ಸೇರಿ ಮನೆಯಿಂದಲೇ ಓಡಾಡುವವರು ನಸುಕಿನಲ್ಲೇ ಎದ್ದು ಮಾರಿಕುಪ್ಪದ ರೈಲನ್ನು ಹಿಡಿಯಬೇಕು. ಹೋಗಿಬರುವಷ್ಟರಲ್ಲಿ ದಿನದ ಐದಾರು ಗಂಟೆಗಳು ಕಳೆದುಹೋಗುತ್ತವೆ. ರೈಲಿನಲ್ಲಿಯೇ ಓದಿ ತೇರ್ಗಡೆಯಾದವರು ಉಂಟು. ಆದರೆ ಗುಂಪುಚರ್ಚೆ, ಸೆಮಿನಾರುಗಳಿಗೆ ಸಹಪಾಠಿಗಳೊಡನೆ ಕುಳಿತು ಸಿದ್ಧವಾಗಲು ಅವರಿಗೆ ಬಿಡುವಿಲ್ಲ. ಈ ವ್ಯಾಸಂಗದಲ್ಲಿ ಅರ್ಧದಷ್ಟು ಕಲಿಕೆ ನಡೆಯುವುದು ಅಂತಹ ಕೂಟಗಳಲ್ಲಿಯೇ. ಬೆಂಗಳೂರನ್ನೇ ಆರಿಸಿಕೊಂಡರೆ ಅಲ್ಲಿಯ ಸಮಾಜದ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳವನ್ನು ಮೊದಲೇ ವಿಚಾರಿಸಿರಿ; ಫಲಿತಾಂಶ ಬಂದ ಮೇಲೆ ಕೇಳಿದರೆ ತಡವಾಗುತ್ತದೆ.

ಇಂಗ್ಲಿಷಿನ ಭಯ ಮತ್ತೊಂದು. ಚಿನ್ನದ ಗಣಿಯ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ತೆಲುಗನ್ನೋ ಆಡಿ, ಬೀದಿಯಲ್ಲಿ ಮೂರನ್ನೂ ಬೆರೆಸುವವರು. ತರಗತಿಯಲ್ಲಿ ಎದ್ದುನಿಂತು ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿಷಯವನ್ನು ಮಂಡಿಸಬೇಕಾದಾಗ ಬುದ್ಧಿವಂತರೂ ತೊದಲುತ್ತಾರೆ. ಮೂರು ಭಾಷೆಗಳ ಗಿರಾಕಿಗಳೊಡನೆ ವ್ಯವಹರಿಸಬಲ್ಲವರಿಗೆ ನಾಲ್ಕನೆಯದು ಅಸಾಧ್ಯವೇನಲ್ಲ. ದಿನಕ್ಕೊಂದು ಪುಟವನ್ನು ಗಟ್ಟಿಯಾಗಿ ಓದುವ ಅಭ್ಯಾಸವನ್ನು ಪದವಿಯ ಮೊದಲ ವರ್ಷದಿಂದಲೇ ಮನೆಯಲ್ಲಿ ಹಿಡಿಸಬೇಕು.

ಆ ಹುಡುಗಿಗೆ ಸರ್ಕಾರಿ ಕೋಟಾದಲ್ಲಿ ಊರಿಗಾಂನಲ್ಲಿಯೇ ಸ್ಥಾನ ದೊರೆಯಿತು. ಮನೆಯ ಊಟ, ಸಂಜೆ ಅಂಗಡಿಯ ಲೆಕ್ಕ. ಎರಡನೆಯ ವರ್ಷದಲ್ಲಿ ಹಣಕಾಸಿನ ವಿಷಯವನ್ನು ಆರಿಸಿಕೊಂಡಿದ್ದಾಳೆ. ಉದ್ರಿ ಕೊಟ್ಟ ಹಣ ಎಷ್ಟು ದಿನಕ್ಕೆ ಮರಳುತ್ತದೆಂಬ ಪಟ್ಟಿಯನ್ನು ತಯಾರಿಸಿ ತಂದೆಯ ಮುಂದಿಟ್ಟಳಂತೆ. ಅದನ್ನು ನೋಡಿದ ಮೇಲೆ ಇಬ್ಬರು ಗಿರಾಕಿಗಳಿಗೆ ಉದ್ರಿಯನ್ನು ನಿಲ್ಲಿಸಿದ್ದೇನೆ ಎಂದು ಅವರು ನನಗೆ ಹೇಳಿದರು.