ಮೂಡಿಗೆರೆಯ ‘ನಾನು’ ಮಡತ್ತುಕುಳಂಗೆ ಬಂದಾಗ

ಉಡುಮಲೈಪೇಟೆ ದಾಟಿ ಪಳನಿಯ ಕಡೆ ಹೊರಟರೆ ಸಿಗುವ ಊರು ಮಡತ್ತುಕುಳಂ. ಅಮರಾವತಿ ಹೊಳೆ, ಕಬ್ಬು, ತೆಂಗು, ತೆಂಕಲಿಗೆ ಆನೆಮಲೆಯ ಸಾಲು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾಗುವವರೆಗೆ ಇದು ಕೊಯಮತ್ತೂರಿಗೆ ಸೇರಿತ್ತು. ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುವ ದೇವಾಂಗರು, ಒಕ್ಕಲಿಗರು ಈ ಸೀಮೆಯಲ್ಲಿದ್ದಾರೆ. ಮಾತು ಕನ್ನಡ, ಓದುಬರಹ ತಮಿಳು. ಅಂಥದೇ ಮನೆಯವನಾದ ನಾನು ಕನ್ನಡ ಅಕ್ಷರ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಮೊದಲು ಕೈಗೆ ಸಿಕ್ಕ ಕಾದಂಬರಿಗಳಲ್ಲಿ ನಮ್ಮಜ್ಜಿಯ ಕನ್ನಡದ ಸುಳಿವೇ ಇರಲಿಲ್ಲ, ಹೊಸ್ತಿಲಲ್ಲೇ ನಿಂತುಬಿಟ್ಟೆ. ಒಳಗೆ ಕರೆದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’.

1980ರಲ್ಲಿ ಬಂದ ಈ ಕಾದಂಬರಿಯ ಕತೆ ಹೇಳುವವನು ಮೂಡಿಗೆರೆಯ ಒಬ್ಬ ಕೃಷಿಕ, ಬರೀ ‘ನಾನು’. ಬೇಸಾಯದ ತಾಪತ್ರಯಗಳಲ್ಲಿ ಸೋತು ಗೊಣಗುವವನು. ಜೇನು ಹಿಡಿಯುವ ಮಂದಣ್ಣ ಅವನ ಕಣ್ಣಿಗೆ ಕೆಲಸಕ್ಕೆ ಬಾರದ ಉಂಡಾಡಿ. ದೊಡ್ಡ ವಿಜ್ಞಾನಿ ಕರ್ವಾಲೊ ಇಂಥವನ ಬೆನ್ನು ಹತ್ತಿರುವುದೇಕೆ? ಈ ಗುಮಾನಿಯೇ ಕತೆಯನ್ನು ಎಳೆದುಕೊಂಡು ಹೋಗುತ್ತದೆ. ಕಾಡನ್ನು ನೋಡುವ ಕಣ್ಣು ಮಂದಣ್ಣನಿಗಿದೆ, ತನಗಿಲ್ಲ ಎಂಬುದು ಅವನಿಗೆ ಸ್ವಲ್ಪಸ್ವಲ್ಪವೇ ಹೊಳೆಯುತ್ತದೆ. ಓದುವವರ ಮುಂದೆ ದಡ್ಡನಾಗಿ ಕಾಣಲು ಆತ ಅಂಜುವುದಿಲ್ಲ. ಎಲ್ಲ ಬಲ್ಲವನೊಬ್ಬ ಇದೇ ಕತೆ ಹೇಳಿದ್ದರೆ ಅದು ಜೀವಶಾಸ್ತ್ರದ ಪಾಠವಾಗುತ್ತಿತ್ತು. ಬಿರಿಯಾನಿ ಕರಿಯಪ್ಪನಂಥವರಿಗೆ, ಕಿವಿ ಎಂಬ ನಾಯಿಗೆ ಅದರಲ್ಲಿ ಜಾಗವೇ ಇರುತ್ತಿರಲಿಲ್ಲ. ನವ್ಯದ ಜಾಡು ಬಿಡುವುದಾಗಿ ತೇಜಸ್ವಿ 1973ರಲ್ಲೇ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಸಾರಿದ್ದರು. ಆ ಮಾತಿಗೆ ದೊರೆತ ಅತ್ಯುತ್ತಮ ಸಾಕ್ಷಿ ಈ ‘ನಾನು’ ಎನ್ನುವುದು ನನ್ನ ಎಣಿಕೆ.

ಇವರೆಲ್ಲ ಹುಡುಕಿ ಹೊರಡುವ ಹಾರುವ ಓತಿ ಬರೀ ಕಲ್ಪನೆಯಲ್ಲ. ಪಶ್ಚಿಮ ಘಟ್ಟದ ಮರಗಳಲ್ಲಿ, ಅಡಿಕೆ ತೋಟಗಳಲ್ಲೂ ಅದಿದೆ. ಉದ್ದನೆಯ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿಯುವುದಿಲ್ಲ. ಇರುವೆ ಅದರ ಊಟ. ಹೆಣ್ಣು ನೆಲಕ್ಕಿಳಿಯುವುದು ಹೆಚ್ಚಾಗಿ ಮೊಟ್ಟೆ ಇಡಲು. ಕಾದಂಬರಿ ಇದರ ಸುತ್ತ ಕಟ್ಟುವ ಕೋಟ್ಯಂತರ ವರ್ಷಗಳ ಬೆರಗು ತೇಜಸ್ವಿಯವರದೇ. ಕೊನೆಗೆ ಏನಾಯಿತೆಂದು ಇಲ್ಲಿ ಹೇಳಿದರೆ ಓದದವರ ಶಾಪ ನನಗೆ ತಟ್ಟೀತು.

ನನಗಾದದ್ದಿಷ್ಟು: ಲೆಕ್ಕಪತ್ರದ ಕೆಲಸದವನು ರಜೆ ಬಂದರೆ ಅಮರಾವತಿ ಅಣೆಕಟ್ಟೆಯ ಕಡೆ ಹೊರಡತೊಡಗಿದೆ. ಮೇಲಿನ ಕಾಡಿನ ಪುಲಯರು, ಮುದುವರು ಸಂತೆಗೆ ಇಳಿದಾಗ ಮರದ ಹೆಸರು, ಜೇನಿನ ಕಾಲ, ಹಕ್ಕಿಯ ಕೂಗು ಕೇಳುವುದು ರೂಢಿಯಾಯಿತು. ಪ್ರಶ್ನೆ ಕೇಳಿ ಸುಮ್ಮನೆ ಕೂರುವುದನ್ನು ಕಲಿಸಿದವನು ಆ ಮೂಡಿಗೆರೆಯ ಕೃಷಿಕ. ಹಾರುವ ಓತಿ ಇನ್ನೂ ಕಂಡಿಲ್ಲ.

ಕನ್ನಡ ಆಡಬಲ್ಲ, ಓದಲು ಬಾರದ ನೆಂಟರು ಗಡಿಯಾಚೆ ನಿಮಗೂ ಇರಬಹುದು. ಅಕ್ಷರ ಕಲಿಸಿ, ಮೊದಲಿಗೆ ‘ಕರ್ವಾಲೊ’ ಕೊಡಿ.